ಅಟ್ಟದಲ್ಲಿ ಸೇರಿಕೊಂಡದ್ದು ಯಾವುದು? ಹೆಂಚಿನ ಮನೆಗೊಂದು ದೋಷ ನಿವಾರಣೆ ಕೈಪಿಡಿ

ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಲ್ಲಿ ಮೂರು ದೂರುಗಳು ಬೇರೆ ಬೇರೆಯಾಗಿ ಬರುತ್ತವೆ. ಮಳೆ ಹಿಡಿದ ಮೇಲೆ ಜಗಲಿಯ ಒಂದೇ ಮೂಲೆ ಸೋರುತ್ತದೆ. ಹೆಂಚು ಕೈಯಾಡಿಸುವವರನ್ನು ಕರೆಸುತ್ತೇವೆ. ಮಲಗುವ ಕೋಣೆಯಲ್ಲಿ ಏನೋ ಕಮಟು ವಾಸನೆ. ಫಿನಾಯಿಲ್ ಹಾಕಿ ಒರೆಸುತ್ತೇವೆ. ರಾತ್ರಿ ಹೊತ್ತು ಇದ್ದಕ್ಕಿದ್ದ ಹಾಗೆ ಕರೆಂಟು ಟ್ರಿಪ್ ಆಗುತ್ತದೆ. ಎಲೆಕ್ಟ್ರಿಷಿಯನ್ ಬಂದು ಸ್ವಿಚ್ಚು ಬದಲಾಯಿಸಿ ಹೋಗುತ್ತಾರೆ. ಮೂರೂ ರಿಪೇರಿ ಆಗಿ, ಮೂರೂ ಮತ್ತೆ ಶುರುವಾದರೆ ಅದು ಮೂರು ದೋಷವಲ್ಲ, ಒಂದೇ. ಅಟ್ಟದಲ್ಲಿ ಯಾವುದೋ ಪ್ರಾಣಿ ಸಂಸಾರ ಹೂಡಿದೆ. ಅದು ಓಡಾಡುವಾಗ ಹೆಂಚು ಜರುಗುತ್ತದೆ, ಅದರ ಉಚ್ಚೆ ಮುಚ್ಚಿಗೆಗೆ (ಕೋಣೆಯ ಮೇಲಿನ ಹಲಗೆಯ ಸೀಲಿಂಗಿಗೆ) ಇಳಿಯುತ್ತದೆ, ಅದರ ಹಲ್ಲು ಕರೆಂಟಿನ ವೈರ್‌ಗೆ ತಾಗುತ್ತದೆ.

ಹೆಚ್ಚಿನವರು ಇಲ್ಲಿ ಮಾಡುವ ಕೆಲಸ ಪೊರಕೆ ಹಿಡಿದು ಅಟ್ಟ ಹತ್ತುವುದು. ಅದು ಕೊನೆಗೆ ಮಾಡಬೇಕಾದದ್ದು. ಯಾವ ಪ್ರಾಣಿ, ಯಾವ ದಾರಿಯಿಂದ ಬರುತ್ತದೆ, ಈಗಲೂ ಇದೆಯಾ, ಮರಿ ಇದೆಯಾ ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಸಿಗದೆ ತೊಳೆದರೆ ಹದಿನೈದು ದಿನಕ್ಕೆ ಮತ್ತೆ ಅಷ್ಟೇ ಗಲೀಜು. ಉತ್ತರ ಸಿಗದೆ ದಾರಿ ಮುಚ್ಚಿದರೆ ಇನ್ನೂ ಕಷ್ಟ: ಒಳಗೇ ಸತ್ತು ನಾರುತ್ತದೆ.

ಏಣಿ ಹಾಕುವ ಮುಂಚೆ ಕಿವಿ ಕೊಡಿ

ಸದ್ದು ಯಾವ ಹೊತ್ತಿಗೆ ಎನ್ನುವುದರಲ್ಲೇ ಅರ್ಧ ಪತ್ತೆ ಆಗುತ್ತದೆ.

ಕತ್ತಲಾಗುತ್ತಿದ್ದ ಹಾಗೆ ಮೇಲೆ ಯಾರೋ ನಡೆದಂತೆ ನಾಲ್ಕು ಭಾರದ ಹೆಜ್ಜೆ, ಒಂದು ಹೆಂಚು ಕಟಕ್ ಎಂದದ್ದು, ಆಮೇಲೆ ಬೆಳಗಿನ ಜಾವದವರೆಗೆ ಸುಮ್ಮನೆ, ಮತ್ತೆ ಅದೇ ನಾಲ್ಕು ಹೆಜ್ಜೆ. ಇದು ಮರಬೆಕ್ಕು, ಕೆಲವು ಕಡೆ ಕಬ್ಬೆಕ್ಕು ಅಂತಾರೆ. ಎರಡರಿಂದ ನಾಲ್ಕು ಕಿಲೋ ತೂಗುವ ಪ್ರಾಣಿ, ಹಗಲಿಡೀ ನಿದ್ದೆ, ರಾತ್ರಿ ತೋಟಕ್ಕೆ ಸವಾರಿ. ಹಳೇ ಮನೆಗಳಲ್ಲಿ ದೆವ್ವ ಓಡಾಡುತ್ತೆ ಅಂತ ಹೆಸರು ಬಂದದ್ದರಲ್ಲಿ ಮುಕ್ಕಾಲು ಪಾಲು ಇದರದ್ದೇ ಕೈವಾಡ ಇರಬೇಕು ಅಂತ ನನ್ನ ಗುಮಾನಿ. "ಅಟ್ಟದಲ್ಲಿ ಹೆಗ್ಗಣ ಇದೆ" ಎಂದು ಕರೆದವರ ಮನೆಯಲ್ಲೂ ಸಾಮಾನ್ಯವಾಗಿ ಸಿಗುವುದು ಇದೇ. ಹೆಗ್ಗಣ ನೆಲ ತೋಡುವ ಜಾತಿ, ಅಷ್ಟೆತ್ತರ ಹತ್ತುವುದು ಅಪರೂಪ.

ರಾತ್ರಿಯಿಡೀ ಬಿಟ್ಟೂ ಬಿಟ್ಟೂ ಸರಸರ, ಮರ ಕೆರೆಯುವ ಕರಕರ ಇದ್ದರೆ ಇಲಿ. ಹಗಲಲ್ಲಿ ಸದ್ದು, ರಾತ್ರಿ ಇಲ್ಲ ಅಂದರೆ ಅಳಿಲು ಅಥವಾ ಪಾರಿವಾಳ. ಮುಸ್ಸಂಜೆಗೆ ಸೂರಿನ ಹತ್ತಿರ ಚಿಕ್‌ಚಿಕ್ ಎಂದು ಐದು ಹತ್ತು ನಿಮಿಷ ಗಲಾಟೆ ಎದ್ದು ಆಮೇಲೆ ತಣ್ಣಗಾದರೆ ಬಾವಲಿ. ಬುಸ್ ಎಂಬ ಸದ್ದು ಕೇಳಿ ಹಾವು ಹಿಡಿಯುವವರಿಗೆ ಫೋನು ಮಾಡುವ ಮುಂಚೆ ಇನ್ನೊಂದು ಸಲ ಕೇಳಿ: ಒಂದೇ ಜಾಗದಿಂದ, ದಿನಾ ರಾತ್ರಿ, ಗಂಟೆಗಟ್ಟಲೆ ಬುಸ್ ಎನ್ನುತ್ತಿದ್ದರೆ ಅದು ಕಣಜಗೂಬೆಯ ಮರಿಗಳಿರಬಹುದು. ಹಾವು ಅಷ್ಟು ಹೊತ್ತು ಸದ್ದು ಮಾಡಿಕೊಂಡು ಕೂರುವುದಿಲ್ಲ.

ಹಿಕ್ಕೆ ಸುಳ್ಳು ಹೇಳುವುದಿಲ್ಲ

ಮೊದಲ ಸಲ ಅಟ್ಟ ಹತ್ತುವುದು ನೋಡುವುದಕ್ಕೆ ಮಾತ್ರ. ಮೂಗಿಗೆ ಎನ್95 ಮಾಸ್ಕು, ಕೈಗೆ ರಬ್ಬರ್ ಗ್ಲೌಸು, ತಲೆಗೆ ಕಟ್ಟುವ ಟಾರ್ಚು. ಮೇನ್ ಸ್ವಿಚ್ ಆರಿಸಿ ಹತ್ತಿ. ಸಿಪ್ಪೆ ಕಿತ್ತ ವೈರು ಕತ್ತಲಲ್ಲಿ ಕೈಗೆ ಸಿಗಬಾರದು. ಕಾಲಿಡುವುದು ತೊಲೆಯ ಮೇಲೆ, ಇಲ್ಲವೇ ತೊಲೆಯಿಂದ ತೊಲೆಗೆ ಹಾಕಿದ ಹಲಗೆಯ ಮೇಲೆ. ಈಚೆಗೆ ಹೆಂಚಿನ ಕೆಳಗೆ ಪಿವಿಸಿ ಸೀಲಿಂಗ್ ಹೊಡೆಸಿದ ಮನೆಗಳಲ್ಲಿ ಇದನ್ನು ಮರೆತರೆ ನೇರ ಹಾಲ್‌ನ ಸೋಫಾದ ಮೇಲೆ ಇಳಿಯುತ್ತೀರಿ.

ಈಗ ಹಿಕ್ಕೆ ನೋಡಿ. ಕಡ್ಡಿಯಲ್ಲಿ ಒತ್ತಿದರೆ ಪುಡಿಪುಡಿಯಾಗಿ, ಟಾರ್ಚಿನ ಬೆಳಕಿಗೆ ಸಣ್ಣಗೆ ಮಿನುಗಿದರೆ ಅದು ಹುಳ ತಿನ್ನುವ ಬಾವಲಿಯದ್ದು. ಮಿನುಗುವುದು ಹುಳಗಳ ರೆಕ್ಕೆ, ಚಿಪ್ಪಿನ ಚೂರು. ಸಾಮಾನ್ಯವಾಗಿ ನೆತ್ತಿಯ ತೊಲೆಯ ಕೆಳಗೋ ಗೋಡೆ ಮತ್ತು ಮಾಡು (ಹೆಂಚಿನ ಚಾವಣಿ) ಸೇರುವ ಕಡೆಯೋ ಒಂದೇ ಸಾಲಿನಲ್ಲಿ ರಾಶಿ ಬಿದ್ದಿರುತ್ತದೆ. ಒತ್ತಿದರೆ ಪುಡಿಯಾಗದೆ ಗಟ್ಟಿಯಾಗಿ, ಎರಡೂ ತುದಿ ಚೂಪಾಗಿ, ಒಂದು ಸೆಂಟಿಮೀಟರಿಗೆ ತುಸು ಹೆಚ್ಚು ಉದ್ದ ಇದ್ದು ಅಲ್ಲಲ್ಲಿ ಚೆಲ್ಲಿದ್ದರೆ ಇಲಿಯದ್ದು. ಇದರ ಅರ್ಧಕ್ಕಿಂತ ಚಿಕ್ಕದಾದರೆ ಸುಂಡಿಲಿ. ಒಂದು ತುದಿಯಲ್ಲಿ ಬಿಳಿ ಚುಕ್ಕೆ ಇದ್ದರೆ ಹಲ್ಲಿ. ಅದಕ್ಕೆ ಯಾವ ಕೈಪಿಡಿಯೂ ಬೇಡ.

ಬೀಜ ತುಂಬಿದ, ಬೆರಳು ಗಾತ್ರದ ಹಿಕ್ಕೆ ಒಂದೇ ಕಡೆ ಬಿದ್ದಿದ್ದರೆ ಮರಬೆಕ್ಕು. ಕಾಫಿ ತೋಟದ ಪಕ್ಕ ಕಾಫಿ ಬೀಜ, ಬೈನೆ ಮರ ಇದ್ದ ಕಡೆ ಬೈನೆಯ ಬೀಜ, ಹಣ್ಣಿಲ್ಲದ ಕಾಲದಲ್ಲಿ ಇಲಿಯ ಕೂದಲು. ಹಿಕ್ಕೆ ನೋಡಿದರೆ ಊರಿನಲ್ಲಿ ಈಗ ಯಾವ ಹಣ್ಣಿನ ಸುಗ್ಗಿ ಅಂತ ಹೇಳಬಹುದು.

ಎರಡು ವಿಶೇಷ ಗುರುತುಗಳನ್ನು ಗೊಂದಲ ಮಾಡಿಕೊಳ್ಳಬೇಡಿ. ಒಂದು ತೊಲೆಯ ಕೆಳಗೆ ಕಪ್ಪೆಯ ಕಾಲು, ದೊಡ್ಡ ಪತಂಗದ ರೆಕ್ಕೆ, ಸಣ್ಣ ಹಕ್ಕಿಯ ಪುಕ್ಕ ಬಿದ್ದಿದ್ದರೆ ಅದು ಮಾಟವಲ್ಲ. ದೊಡ್ಡ ಕಿವಿಯ ಒಂದು ಜಾತಿಯ ಬಾವಲಿ ಬೇಟೆಯನ್ನು ತಂದು ಅಲ್ಲಿ ನೇತಾಡಿಕೊಂಡು ತಿಂದು ಉಳಿದದ್ದನ್ನು ಬೀಳಿಸುತ್ತದೆ. ಪಾಳುಬಿದ್ದ ಮನೆ, ಹಳೆಯ ದೇವಸ್ಥಾನಗಳಲ್ಲಿ ಇದು ಮಾಮೂಲು. ರಕ್ತ ಹೀರುವ ಬಾವಲಿ ನಮ್ಮ ದೇಶದಲ್ಲೇ ಇಲ್ಲ. ಇನ್ನೊಂದು, ಹೆಬ್ಬೆರಳು ಗಾತ್ರದ ಬೂದು ಬಣ್ಣದ ಉಂಡೆ. ಬಿಡಿಸಿದರೆ ಒಳಗೆ ಇಲಿಯ ಕೂದಲು, ಸಣ್ಣ ಮೂಳೆ, ಕೆಲವೊಮ್ಮೆ ಇಡೀ ತಲೆಬುರುಡೆ. ಇದು ಹಿಕ್ಕೆಯೇ ಅಲ್ಲ, ಗೂಬೆ ಬಾಯಿಂದ ಕಕ್ಕಿದ್ದು. ಇದು ಸಿಕ್ಕಿದರೆ ನಿಮ್ಮ ಮನೆಯ ಇಲಿ ಹಿಡಿಯುವವರು ಸಂಬಳವಿಲ್ಲದೆ ಕೆಲಸ ಮಾಡುತ್ತಿದ್ದಾರೆ ಎಂದು ಅರ್ಥ. ಗೂಬೆ ಮನೆಗೆ ಕೇಡು ಅಂತ ಓಡಿಸುವವರ ಅಡಿಕೆ ಮೂಟೆಯನ್ನು ಮುಂದಿನ ವರ್ಷ ಇಲಿ ನೋಡಿಕೊಳ್ಳುತ್ತದೆ.

ಹಾವಿನ ಪೊರೆ ಸಿಕ್ಕಿದರೆ ಅದಕ್ಕೂ ಕಾರಣ ಇಲಿಯೇ. ಅಂಥ ಅಟ್ಟದಲ್ಲಿ ಕೈ ಹಾಕುವ ಕೆಲಸ ಅಲ್ಲಿಗೇ ನಿಲ್ಲಿಸಿ, ಬಲ್ಲವರನ್ನು ಕರೆಸಿ.

ಕಲೆ ಮಳೆಯದೋ, ಉಚ್ಚೆಯದೋ

ಸೀಲಿಂಗಿನ ಮೇಲೆ ಕಂದು ಕಲೆ ಎರಡೂ ಕಾರಣಕ್ಕೆ ಬರುತ್ತದೆ. ಮಳೆಯ ಕಲೆ ಮಳೆ ಬಂದಾಗ ಹಿಗ್ಗುತ್ತದೆ, ಸುತ್ತ ಉಂಗುರ ಕಟ್ಟುತ್ತದೆ, ಬೇಸಿಗೆಯಲ್ಲಿ ಒಣಗಿ ಸುಮ್ಮನಾಗುತ್ತದೆ. ಉಚ್ಚೆಯ ಕಲೆ ಬಿರುಬಿಸಿಲಿನಲ್ಲೂ ಬೆಳೆಯುತ್ತದೆ, ಮುಟ್ಟಿದರೆ ಜಿಗುಟು, ತೊಲೆಯ ಬದಿಯಲ್ಲಿ ಬಿಳಿ ಉಪ್ಪು ಕಟ್ಟಿಕೊಂಡಿರುತ್ತದೆ. ನಕಲಿ ನೋಟು ನೋಡುವ ನೇರಳೆ ಟಾರ್ಚು ಸಿಕ್ಕಿದರೆ ಕತ್ತಲಲ್ಲಿ ಹಿಡಿದು ನೋಡಿ, ಇಲಿ ಉಚ್ಚೆ ಹೊಯ್ದ ದಾರಿ ಮಂಕಾಗಿ ಹೊಳೆಯುತ್ತದೆ. ಸೋಪಿನ ಪುಡಿಯೂ ಹಾಗೇ ಹೊಳೆಯುವುದರಿಂದ ಇದೊಂದನ್ನೇ ನಂಬಬೇಡಿ.

ನಾನು ಹೆಚ್ಚು ನಂಬುವುದು ಬಿಸಿನೀರಿನ ಪರೀಕ್ಷೆಯನ್ನು. ಅನುಮಾನ ಇರುವ ಜಾಗಕ್ಕೆ ಅರ್ಧ ಲೋಟ ಬಿಸಿನೀರು ಚಿಮುಕಿಸಿ ಐದು ನಿಮಿಷ ಬಿಟ್ಟು ಬನ್ನಿ. ಮಳೆಯ ಕಲೆಯಾದರೆ ಒದ್ದೆ ಮರದ, ಮಣ್ಣಿನ ವಾಸನೆ. ಉಚ್ಚೆಯಾದರೆ ಮೂಗಿಗೆ ಹೊಡೆಯುತ್ತದೆ. ಇಡೀ ಬೇಸಿಗೆ ಇಲ್ಲದ ವಾಸನೆ ಮೊದಲ ಮಳೆಗೆ ಮನೆ ತುಂಬುವುದೂ ಇದೇ ಕಾರಣಕ್ಕೆ: ಒಣಗಿ ಕೂತಿದ್ದದ್ದು ತೇವಕ್ಕೆ ಎದ್ದು ಬರುತ್ತದೆ.

ಬಾಗಿಲು ಎಲ್ಲಿದೆ

ಬಚ್ಚಲೊಲೆಯ ಬೂದಿ ಜರಡಿ ಹಿಡಿದು, ಹಲಗೆಯ ಮೇಲೆ ತೆಳ್ಳಗೆ ಉದುರಿಸಿ, ಸೂರಿನ ಹತ್ತಿರ, ನೆತ್ತಿಯ ಹತ್ತಿರ, ಅಟ್ಟದ ಕಿಂಡಿಯ ಹತ್ತಿರ ಇಡಿ. ಹಿಟ್ಟು ಬಳಸಬೇಡಿ, ಅದು ಇಲಿಗೆ ಊಟ. ಬೆಳಗ್ಗೆ ನೋಡಿದರೆ ಐದು ಬೆರಳಿನ ಹೆಜ್ಜೆ, ಬೆರಳ ತುದಿಯಲ್ಲಿ ಉಗುರಿನ ಗುರುತು ಇದ್ದರೆ ಮರಬೆಕ್ಕು. ನಾಲ್ಕೇ ಬೆರಳು, ಉಗುರು ಇಲ್ಲ ಅಂದರೆ ಪಕ್ಕದ ಮನೆಯ ಬೆಕ್ಕು. ಸುಮ್ಮನೆ ಕಾಡುಪ್ರಾಣಿಯ ಮೇಲೆ ಅಪವಾದ ಬೇಡ. ಸಣ್ಣ ಹೆಜ್ಜೆಗಳ ನಡುವೆ ಬಾಲ ಎಳೆದ ಗೆರೆ ಇದ್ದರೆ ಇಲಿ.

ದಾರಿ ಹುಡುಕುವುದು ಹೊರಗಿನಿಂದ ಸುಲಭ. ಮಂಗಳೂರು ಹೆಂಚಿನ ಮಾಡಿನಲ್ಲಿ ಗೋಡೆಯ ತಲೆಗೂ ಹೆಂಚಿಗೂ ನಡುವೆ, ಪಕಾಸಿಯಿಂದ ಪಕಾಸಿಗೆ (ಮಾಡಿನ ಇಳಿಜಾರು ಹೊರುವ ಮರದ ಪಟ್ಟಿಗಳ ನಡುವೆ), ಕೈ ತೂರುವಷ್ಟು ಸಂದು ಇದ್ದೇ ಇರುತ್ತದೆ. ಗಾಳಿ ಆಡಲಿ ಎಂದು ಹಳಬರು ಬಿಟ್ಟದ್ದು ಅದು. ಓಡಾಟ ಇರುವ ಸಂದಿನ ಅಂಚು ಎಣ್ಣೆ ಸವರಿದಂತೆ ಕಪ್ಪಾಗಿ ನುಣುಪಾಗಿರುತ್ತದೆ. ಜೇಡರಬಲೆ ಇರುವ ಸಂದಿನಲ್ಲಿ ಯಾರೂ ಓಡಾಡುತ್ತಿಲ್ಲ. ಎರಡನೆಯ ದಾರಿ ಜರುಗಿದ ಹೆಂಚು. ಅಂಗಳದಲ್ಲಿ ನಿಂತು ಹೆಂಚಿನ ಸಾಲನ್ನು ಓರೆಯಾಗಿ ನೋಡಿದರೆ ಒಂದು ಹೆಂಚು ಎರಡು ಬೆರಳು ಎದ್ದಿರುವುದು ಕಾಣುತ್ತದೆ. ಹತ್ತಿರದಲ್ಲೇ ಮಾಡಿಗೆ ಬಾಗಿದ ಹಲಸಿನ ಕೊಂಬೋ ಅಡಿಕೆ ಸೋಗೆಯೋ ಇರುತ್ತದೆ. ಜಗಲಿ ಸೋರುವ ಜಾಗ ಇದಕ್ಕಿಂತ ತುಸು ಕೆಳಗೆ, ಏಕೆಂದರೆ ನೀರು ಪಕಾಸಿಯ ಗುಂಟ ಕೆಳಗೆ ಹರಿದು ಬಂದು ತೊಟ್ಟಿಕ್ಕುತ್ತದೆ. ಸೋರುವ ಕಡೆ ಹೆಂಚು ಬದಲಾಯಿಸಿ "ಆದರೂ ಸೋರುತ್ತೆ" ಅನ್ನುವವರು ಮೇಲಿನ ನಾಲ್ಕೈದು ಸಾಲು ನೋಡಿರುವುದಿಲ್ಲ.

ಬಾವಲಿಗೆ ಬೂದಿ ಪ್ರಯೋಜನವಿಲ್ಲ. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಮನೆಯ ಎರಡು ಎದುರುಬದುರು ಮೂಲೆಯಲ್ಲಿ ಇಬ್ಬರು ನಿಂತರೆ ನಾಲ್ಕೂ ಬದಿ ಕಾಣುತ್ತದೆ. ಹೊರಡುವ ಜಾಗ ಸಿಕ್ಕೇ ಸಿಗುತ್ತದೆ.

ಈಗಲೂ ಒಳಗೆ ಇದೆಯಾ ಎಂದು ತಿಳಿಯಲು ಒಣ ಬಾಳೆಸಿಪ್ಪೆಯನ್ನೋ ಹಳೇ ಪೇಪರನ್ನೋ ಸಂದಿಗೆ ಸಡಿಲವಾಗಿ ತುರುಕಿ. ಮೂರು ರಾತ್ರಿ ಕದಲದೆ ಇದ್ದರೆ ಆ ದಾರಿ ಖಾಲಿ. ಮಳೆ ಸುರಿಯುತ್ತಿರುವಾಗ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ, ಪ್ರಾಣಿಯೂ ಮಳೆಗೆ ಹೊರಗೆ ಹೋಗದೆ ಮಲಗಿರುತ್ತದೆ.

ಹೊರಗೆ ಕಳಿಸುವುದು

ಇಲಿ, ಸುಂಡಿಲಿ ಬಿಟ್ಟರೆ ಉಳಿದವುಗಳಿಗೆ ಬೋನು, ವಿಷ ಎರಡೂ ಬೇಡ. ಮರಬೆಕ್ಕು, ಗೂಬೆ, ಕೇರೆ, ನಾಗರ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಿಡಿಯುವುದೂ ಕೊಲ್ಲುವುದೂ ಅಪರಾಧ. ಹಣ್ಣು ತಿನ್ನುವ ಬಾವಲಿಯನ್ನು ಮೊದಲು ಇಲಿ, ಕಾಗೆಗಳ ಜೊತೆ ಉಪದ್ರವಿಗಳ ಪಟ್ಟಿಯಲ್ಲಿ ಇಟ್ಟಿದ್ದರು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು.

ಕಾನೂನಿನ ಮಾತು ಬಿಟ್ಟರೂ ಮರಬೆಕ್ಕನ್ನು ಹಿಡಿದು ದೂರ ಬಿಟ್ಟರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಅದಕ್ಕೆ ಬೇಕಾದದ್ದು ಕತ್ತಲು. ಮಲಗುವ ಜಾಗದ ನೇರ ಮೇಲೆ ಎರಡು ಮೂರು ಹೆಂಚು ತೆಗೆದು ಗಾಜಿನ ಹೆಂಚು ಕೂರಿಸಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ಮಾಡುವ ಇನ್ನೊಂದು ಉಪಾಯ ನನಗೆ ಗೊತ್ತಿಲ್ಲ. ಹಗಲು ಬೆಳಕು ಬಿದ್ದರೆ ಮರಬೆಕ್ಕು ತಾನಾಗಿ ಬೇರೆ ಕಡೆ ನೋಡಿಕೊಳ್ಳುತ್ತದೆ, ಬಾವಲಿಗೂ ಕಸಿವಿಸಿ. ತೊಳೆಯುವಾಗ ನಿಮಗೂ ಕಣ್ಣು ಕಾಣುತ್ತದೆ. ಮರಿ ಇದ್ದರೆ ಮಾತ್ರ ಕಾಯಬೇಕು. ತಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಸಾಗಿಸುತ್ತದೆ, ಅದಕ್ಕೆ ಕೆಲವು ರಾತ್ರಿ ದಾರಿ ತೆರೆದಿರಲಿ.

ಬಾವಲಿಗೆ ಒಮ್ಮುಖದ ಪರದೆ. ಅವು ಹೊರಡುವ ಸಂದಿನ ಮೇಲೆ ಸೊಳ್ಳೆ ಪರದೆಗಿಂತ ದಪ್ಪದ ನೈಲಾನ್ ಬಲೆಯನ್ನು ಮೇಲೆ ಮತ್ತು ಎರಡು ಬದಿ ಮೊಳೆ ಹೊಡೆದು, ಕೆಳಗೆ ಎರಡು ಅಡಿ ಇಳಿಬಿಡಿ. ಒಳಗಿನವು ಕೆಳಗೆ ತೆವಳಿ ಹೊರಬೀಳುತ್ತವೆ. ಮರಳಿ ಬಂದಾಗ ನೇರ ಸಂದಿಗೇ ಹಾರಿ ಬಲೆಗೆ ಮುಟ್ಟಿ ಬೇರೆ ಕಡೆ ಹೋಗುತ್ತವೆ. ಒಂದು ವಾರ ಬಿಟ್ಟು, ಸಂಜೆ ಯಾವುದೂ ಹೊರಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಸಂದು ಮುಚ್ಚಿ. ಕೂದಲಿಲ್ಲದ ಗುಲಾಬಿ ಮರಿ ಕಂಡರೆ ಅವು ಹಾರುವವರೆಗೆ ಪರದೆ ಕಟ್ಟಲೇಬೇಡಿ. ನಿಫಾ ವೈರಸ್ಸಿನ ಹೆದರಿಕೆಯಿಂದ ಈಚೆಗೆ ಕೆಲವರು ಅಟ್ಟದ ಸಣ್ಣ ಬಾವಲಿಗೂ ಬೆಂಕಿ ಹೊಗೆ ಹಾಕುತ್ತಾರೆ. 2018ರಲ್ಲಿ ಕೇರಳದ ಕೋಯಿಕ್ಕೋಡ್ ಭಾಗದಲ್ಲಿ ಬಂದ ನಿಫಾಕ್ಕೆ ತಳುಕು ಹಾಕಿದ್ದು ದೊಡ್ಡ ಮರಗಳಲ್ಲಿ ಗುಂಪಾಗಿ ನೇತಾಡುವ ಹಣ್ಣಿನ ಬಾವಲಿಯನ್ನು. ಸೂರಿನಲ್ಲಿ ಸೊಳ್ಳೆ, ಹುಳ ಹಿಡಿದು ಬದುಕುವ ಜಾತಿಗಳು ಬೇರೆ. ಹಾಗಂತ ಬರಿಗೈಯಲ್ಲಿ ಹಿಡಿಯುವುದೂ ಬೇಡ. ಬಾವಲಿಯಾಗಲಿ ಮರಬೆಕ್ಕಾಗಲಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು ಕೇಳಿ.

ಇಲಿಗೆ ಕತ್ತರಿ (ಸ್ಪ್ರಿಂಗು ಬಡಿದು ಹಿಡಿಯುವ ಇಲಿಗತ್ತರಿ) ಅಥವಾ ಬೋನು, ಸುಟ್ಟ ಕೊಬ್ಬರಿ. ಹೊಸ ವಸ್ತು ಕಂಡರೆ ಇಲಿ ಕೆಲವು ದಿನ ದೂರ ಇರುತ್ತದೆ, ಆದ್ದರಿಂದ ಮೊದಲು ಮೂರು ನಾಲ್ಕು ರಾತ್ರಿ ಕತ್ತರಿ ಎಳೆಯದೆ ಬರೀ ಕೊಬ್ಬರಿ ಇಟ್ಟು ಅಭ್ಯಾಸ ಮಾಡಿಸಿ. ಪಾಷಾಣ ಹಾಕಿದರೆ ಅದು ಮುಚ್ಚಿಗೆಯ ಸಂದಿನಲ್ಲಿ, ನಿಮ್ಮ ಕೈಗೆ ಸಿಗದ ಜಾಗದಲ್ಲೇ ಸಾಯುತ್ತದೆ. ಆ ಇಲಿ ತಿಂದ ಗೂಬೆ, ಬೆಕ್ಕಿಗೂ ವಿಷ ಏರುತ್ತದೆ.

ತೊಳೆಯುವುದು

ಪ್ರಾಣಿ ಹೊರಗೆ ಹೋಗಿ ದಾರಿ ಮುಚ್ಚಿದ ಮೇಲೆ ಈ ಕೆಲಸ. ಒಣ ಪೊರಕೆ ಹಾಕಬಾರದು, ವ್ಯಾಕ್ಯೂಮ್ ಕ್ಲೀನರ್ ಹಿಡಿಯಬಾರದು. ಬಾವಲಿ, ಪಾರಿವಾಳದ ಹಳೇ ಹಿಕ್ಕೆಯಲ್ಲಿ ಬೆಳೆಯುವ ಶಿಲೀಂಧ್ರಗಳ ಕಣ ಧೂಳಿನ ಜೊತೆ ಎದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಿಸ್ಟೋಪ್ಲಾಸ್ಮೋಸಿಸ್, ಕ್ರಿಪ್ಟೋಕಾಕೋಸಿಸ್ ಎಂಬ ಕಾಯಿಲೆಗಳ ಮೂಲ ಅದೇ. ಇಲಿಯ ಉಚ್ಚೆಯಿಂದ ಇಲಿಜ್ವರ. ಕೈಕಾಲಿನಲ್ಲಿ ಗಾಯ ಇದ್ದವರು, ಉಬ್ಬಸ ಇದ್ದವರು, ಬಸುರಿಯರು ಅಟ್ಟ ಹತ್ತುವುದೇ ಬೇಡ. ಮೂಗಿಗೆ ಸುತ್ತಿದ ಟವೆಲ್ ಮಾಸ್ಕ್ ಅಲ್ಲ.

ಹಿಂದಿನ ಸಂಜೆ ನಾಲ್ಕು ಕಡೆ ಒಂದೊಂದು ಹೆಂಚು ತೆಗೆದಿಟ್ಟು ರಾತ್ರಿಯಿಡೀ ಗಾಳಿಯಾಡಲು ಬಿಡಿ, ಬೆಳಗ್ಗೆ ಬಿಸಿಲೇರುವ ಮುಂಚೆ ಶುರು ಮಾಡಿ. ಏಪ್ರಿಲ್ ಮಧ್ಯಾಹ್ನ ಹೆಂಚಿನ ಕೆಳಗೆ ಮಾಸ್ಕು ಹಾಕಿಕೊಂಡು ಅರ್ಧ ಗಂಟೆ ಇರಲಾಗದು.

ಅಲ್ಲಲ್ಲಿ ಚೆಲ್ಲಿದ ಇಲಿ ಹಿಕ್ಕೆಗೆ ಬ್ಲೀಚಿಂಗ್ ಪೌಡರ್ ನೀರು. ಲೀಟರಿಗೆ 15 ಗ್ರಾಂ ಹೊಸ ಪೌಡರ್ ಕಲಸಿ, ಗಸಿ ಇಳಿದ ಮೇಲಿನ ತಿಳಿಯನ್ನು ಸಣ್ಣ ಸ್ಪ್ರೇಯರಿನಲ್ಲಿ ಮೆತ್ತಗೆ ಹೊಡೆದು, ಹತ್ತು ನಿಮಿಷ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಬಾಚಿ ತೆಗೆಯಿರಿ. ವರ್ಷಗಟ್ಟಲೆ ತೆರೆದಿಟ್ಟ ಪೌಡರಿನಲ್ಲಿ ಶಕ್ತಿ ಇರುವುದಿಲ್ಲ.

ಬಾವಲಿ ಹಿಕ್ಕೆಯ ದಪ್ಪ ರಾಶಿಗೆ, ಉಚ್ಚೆ ನೆನೆದ ಜಾಗಕ್ಕೆ ಇದನ್ನೇ ಮಾಡಬೇಡಿ. ಉಚ್ಚೆಯ ಅಮೋನಿಯಾಕ್ಕೆ ಬ್ಲೀಚ್ ಸೇರಿದರೆ ಕಣ್ಣು, ಗಂಟಲು ಉರಿಸುವ ಕ್ಲೋರಮೈನ್ ಅನಿಲ ಏಳುತ್ತದೆ. ಅಲ್ಲಿ ಮೊದಲು ಸೋಪಿನ ನೀರು ಚಿಮುಕಿಸಿ ಧೂಳೇಳದಷ್ಟು ನೆನೆಸಿ, ಮರದ ಮೋಟು ಸಲಿಕೆಯಲ್ಲಿ ಗೋಣಿಗೆ ತುಂಬಿ ಇಳಿಸಿ, ಜಾಗವನ್ನು ಎರಡು ಸಲ ಒರೆಸಿ ಒಣಗಿದ ಮೇಲಷ್ಟೇ ಬ್ಲೀಚಿನ ನೀರು. ಆಸಿಡ್, ವಿನೆಗರ್, ಫಿನಾಯಿಲ್ ಯಾವುದನ್ನೂ ಬ್ಲೀಚಿಗೆ ಬೆರೆಸಬೇಡಿ. ರಾಶಿಯ ಮೇಲೆ ಸುಣ್ಣ ಎರಚುವ ಅಭ್ಯಾಸವೂ ಇದೆ. ಸುಣ್ಣ ತಾಗಿದ ಕೂಡಲೇ ಒಳಗಿನ ಅಮೋನಿಯಾ ಒಟ್ಟಿಗೇ ಹೊರಬಂದು ಅಟ್ಟದಲ್ಲಿ ನಿಲ್ಲಲಾಗುವುದಿಲ್ಲ. ಸುಣ್ಣದ ಸರದಿ ಎಲ್ಲ ತೆಗೆದ ಮೇಲೆ, ಗೋಡೆಗೆ ಬಳಿಯುವಾಗ.

ಇಳಿಸಿದ ಬಾವಲಿ ಹಿಕ್ಕೆ ಒಳ್ಳೆಯ ಗೊಬ್ಬರ. ಬಾವಿಯಿಂದ ದೂರದ ಗುಂಡಿಯಲ್ಲಿ ಹಸಿಸೊಪ್ಪಿನ ಜೊತೆ ಮುಚ್ಚಿ ಕಳಿಯಲು ಬಿಡಿ.

ಮಾಡಿನ ಮೇಲೋ ಅಟ್ಟದಲ್ಲೋ ಮಂಗ ಸತ್ತಿದ್ದು ಕಂಡರೆ ಈ ಯಾವ ಕ್ರಮವೂ ಅನ್ವಯಿಸುವುದಿಲ್ಲ. ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಸತ್ತ ಮಂಗನ ಮೈಯಿಂದ ಉಣುಗು ಸುತ್ತಲಿನ ನೆಲಕ್ಕೆ ಇಳಿದಿರುತ್ತದೆ. ನಾವು ಅಟ್ಟ ಸ್ವಚ್ಛ ಮಾಡಲು ಹೊರಡುವ ಬೇಸಿಗೆಯೇ ಅದರ ಕಾಲವೂ.

ತೊಳೆದ ಮೇಲೂ ತೊಂದರೆ ಉಳಿದರೆ

ವಾಸನೆ ದಿನದಿಂದ ದಿನಕ್ಕೆ ಏರಿ, ನೀಲಿ ನೊಣ ಸೀಲಿಂಗಿನ ಒಂದೇ ಕಡೆ ಮುತ್ತಿದರೆ ಅದರ ಹಿಂದೆ ಸತ್ತ ಇಲಿ ಇದೆ. ನೊಣ ಕೂರುವ ಹಲಗೆಯನ್ನೇ ಬಿಚ್ಚಿ. ಬಿಚ್ಚಲಾಗದಿದ್ದರೆ ಎರಡು ವಾರ ಸಹಿಸಬೇಕು, ಬೇರೆ ದಾರಿಯಿಲ್ಲ.

ವಾಸನೆ ಏರದೆ, ಮೋಡ ಕವಿದ ದಿನ ಮಾತ್ರ ಬಂದರೆ ಉಚ್ಚೆ ಒಳಗೆ ಇಳಿದಿದೆ. ಹಳೇ ಮನೆಗಳ ಮುಚ್ಚಿಗೆಯಲ್ಲಿ ಹಲಗೆಯ ಮೇಲೆ ಮಣ್ಣು ಹಾಕಿ ಗಟ್ಟಿಸಿರುತ್ತಾರೆ. ಬೇಸಿಗೆಗೆ ತಂಪು, ಬೆಂಕಿ ಬಿದ್ದರೆ ತಡೆ, ಆದರೆ ಬಿದ್ದದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಮಣ್ಣನ್ನು ಮೇಲಿಂದ ತೊಳೆದರೆ ಕೊಳಕು ಇನ್ನೂ ಕೆಳಗೆ ಹೋಗುತ್ತದೆ. ಬಿಸಿನೀರಿನ ಪರೀಕ್ಷೆಯಲ್ಲಿ ವಾಸನೆ ಕೊಟ್ಟ ಜಾಗಕ್ಕಿಂತ ಸುತ್ತ ಒಂದೊಂದು ಅಡಿ ಹೆಚ್ಚಿಗೆ ಹಿಡಿದು, ವಾಸನೆಯಿಲ್ಲದ ಮಣ್ಣು ಸಿಗುವ ತನಕ ಕೆರೆದು ತೆಗೆಯಿರಿ. ಹಲಗೆಯನ್ನು ಒಣಗಿಸಿ, ಹೊಸ ಮಣ್ಣಿಗೆ ಸ್ವಲ್ಪ ಸುಣ್ಣ ಬೆರೆಸಿ ತುಂಬಿ ಗಟ್ಟಿಸಿ. ತಗಡಿನ ಮಾಡಿನ ಕೆಳಗೆ ಹಾಸಿದ ಗಾಜಿನ ಉಣ್ಣೆಯಾದರೆ (ಗ್ಲಾಸ್‌ವೂಲ್) ಚರ್ಚೆಯೇ ಬೇಡ, ಅದನ್ನು ತೊಳೆಯಲಾಗದು. ಸುತ್ತಿ ತೆಗೆದು ಹೊಸದು ಹಾಕಿಸಬೇಕು.

ವಾಸನೆ ಹೋಯಿತು, ಆದರೆ ಮನೆಯವರಿಗೆಲ್ಲ ತುರಿಕೆ ಎದ್ದಿತು ಎಂದರೆ ಗೂಡು ತೆಗೆದಿರಿ, ಅದರಲ್ಲಿದ್ದ ನುಸಿ ಉಳಿಯಿತು. ಪಾರಿವಾಳವೋ ಇಲಿಯೋ ಹೋದ ಮೇಲೆ ಹಸಿದ ನುಸಿ, ಚಿಗಟಗಳು ಹಲಗೆ ಸಂದಿನಿಂದ ಕೆಳಗಿನ ಹಾಸಿಗೆಗೆ ಇಳಿಯುತ್ತವೆ. ಚರ್ಮದ ಡಾಕ್ಟರಿಗೆ ಇದನ್ನು ಹೇಳದಿದ್ದರೆ ಅಲರ್ಜಿ ಮಾತ್ರೆ ನುಂಗುತ್ತಾ ಕಾಲ ಕಳೆಯುತ್ತೀರಿ. ಹಲಗೆ ಸಂದಿಗೆ ಕೀಟನಾಶಕ ಹೊಡೆಸಿ, ಹಾಸಿಗೆ ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿ.

ಟ್ರಿಪ್ ನಿಲ್ಲದಿದ್ದರೆ ಕಣ್ಣಿಗೆ ಕಾಣುವ ವೈರಿಗೆ ಟೇಪು ಸುತ್ತಿ ಕೈತೊಳೆದುಕೊಳ್ಳಬೇಡಿ. ಇಲಿಯ ಹಲ್ಲು ಜೀವನಪೂರ್ತಿ ಬೆಳೆಯುತ್ತದೆ, ಸವೆಸಲು ಅದಕ್ಕೆ ಏನಾದರೂ ಬೇಕು, ಪೈಪಿನ ಬಾಯಿಂದ ಒಳಗೆ ಹೋಗಿಯೂ ಕಡಿಯುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ 500 ವೋಲ್ಟಿನ ಮೆಗ್ಗರ್ (ವೈರಿನ ಹೊದಿಕೆ ಗಟ್ಟಿಯಿದೆಯಾ ಎಂದು ಅಳೆಯುವ ಮೀಟರ್) ಇದೆಯಾ ಎಂದು ಕರೆಯುವಾಗಲೇ ಕೇಳಿ. ಒಂದೊಂದೇ ಸರ್ಕ್ಯೂಟ್ ಬಿಡಿಸಿ ಅಳೆದಾಗ 1 ಮೆಗಾಓಮ್‌ಗಿಂತ ಕೆಳಗೆ ತೋರಿಸಿದ ಲೈನನ್ನು ಪೂರ್ತಿ ಹೊಸದಾಗಿ ಎಳೆಸಿ.

ಮರ, ಸಾಮಾನು

ವರ್ಷಗಟ್ಟಲೆ ಉಚ್ಚೆ ಕುಡಿದ ಪಕಾಸಿ ಮೇಲ್ನೋಟಕ್ಕೆ ಕಪ್ಪಾಗಿ ಗಟ್ಟಿಯಾಗಿಯೇ ಕಾಣುತ್ತದೆ. ಸ್ಕ್ರೂಡ್ರೈವರಿನ ಮೊನೆ ಒತ್ತಿ ನೋಡಿ. ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಸಲೀಸಾಗಿ ಇಳಿದರೆ ಬಡಗಿಯನ್ನು ಕರೆಸಿ. ಹಿಟ್ಟಿನಂಥ ಪುಡಿ ಉದುರಿದರೆ ಮರ ಕೊರೆಯುವ ಕುಟ್ಟೆ ಹುಳ ಹಿಡಿದಿದೆ. ಗಟ್ಟಿ ಇದ್ದ ಮರವನ್ನು ಉಜ್ಜಿ, ಚೆನ್ನಾಗಿ ಒಣಗಿಸಿ, ಗೇರೆಣ್ಣೆ ಬಳಿಯಿರಿ. ಗೇರು ಬೀಜದ ಸಿಪ್ಪೆಯ ಈ ಎಣ್ಣೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಉದ್ದ ತೋಳಿನ ಅಂಗಿ, ಗ್ಲೌಸು ಇಲ್ಲದೆ ಬ್ರಷ್ ಹಿಡಿಯಬೇಡಿ.

ಹಿಕ್ಕೆ ಬಿದ್ದ ಅಡಿಕೆ, ಕಾಳುಮೆಣಸು, ಕೊಬ್ಬರಿಯನ್ನು ಬಿಸಿಲಿಗೆ ಹಾಕಿ ಮಾರುವ ಯೋಚನೆ ಬಿಡಿ. ತಾಮ್ರ, ಹಿತ್ತಾಳೆ ಪಾತ್ರೆ ಸೋಪು ಹುಣಸೆಹಣ್ಣಿಗೆ ಮೊದಲಿನಂತಾಗುತ್ತದೆ, ಅಡುಗೆಗೆ ಬಳಸುವುದಾದರೆ ಮತ್ತೆ ಕಲಾಯಿ ಹಾಕಿಸಿ. ಓಲೆಗರಿ, ಹಳೇ ಲೆಕ್ಕದ ಕಡತ ಸಿಕ್ಕರೆ ಒದ್ದೆ ಬಟ್ಟೆ ತಾಗಿಸಬೇಡಿ; ನೆರಳಲ್ಲಿ ಹರಡಿ ಮೃದು ಬ್ರಷ್ಷಿನಲ್ಲಿ ಧೂಳು ಬಿಡಿಸಿ.

ಸಂದು ಮತ್ತು ಹೆಂಚು

ಸೂರಿನ ಸಂದನ್ನು ಸಿಮೆಂಟಿನಿಂದ ಮುಚ್ಚುವುದು ನನಗೆ ಸರಿಕಾಣುವುದಿಲ್ಲ. ಗಾಳಿ ನಿಂತರೆ ಮೊದಲ ಮಳೆಗಾಲದಲ್ಲೇ ಪಕಾಸಿಗೆ ಬೂಷ್ಟು. 6 ಮಿಲಿಮೀಟರ್ ಕಣ್ಣಿನ, ಬೆಸುಗೆ ಹಾಕಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಲರಿಯನ್ನು ಪಕಾಸಿಯಿಂದ ಪಕಾಸಿಗೆ ಕತ್ತರಿಸಿ ಮೊಳೆ ಹೊಡೆಯಿರಿ. 12 ಮಿಲಿಮೀಟರ್ ಅಗ್ಗಕ್ಕೆ ಸಿಗುತ್ತದೆ, ಅದರಲ್ಲಿ ಸುಂಡಿಲಿ ಆರಾಮವಾಗಿ ತೂರುತ್ತದೆ. ಪ್ಲಾಸ್ಟಿಕ್ ಬಲೆ ಇಲಿಗೆ ಒಂದು ರಾತ್ರಿಯ ಕೆಲಸ. ಮಾಡಿನಿಂದ ಎರಡು ಮೀಟರ್ ಒಳಗಿನ ಕೊಂಬೆಗಳನ್ನು ಸವರಿಸಿ. ತೆಂಗು, ಅಡಿಕೆ ಮರ ಕಡಿಯಲು ಮನಸ್ಸಿಲ್ಲದಿದ್ದರೆ ಕಾಂಡಕ್ಕೆ ಆಳೆತ್ತರದಲ್ಲಿ ಒಂದೂವರೆ ಅಡಿ ಅಗಲದ ನುಣುಪು ತಗಡು ಸುತ್ತಿಸಿ.

ಒಡೆದ ಹೆಂಚು ಬದಲಾಯಿಸುವಾಗ ಒಂದು ಸೂಕ್ಷ್ಮ ಇದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಎಷ್ಟೋ ಕಾರ್ಖಾನೆಗಳು ಅದೇ ಮಾದರಿಯ ಹೆಂಚು ಮಾಡಿದವು. ನೋಟಕ್ಕೆ ಎಲ್ಲ ಒಂದೇ, ಆದರೆ ಒಂದು ಹೆಂಚಿನ ಏಣು ಇನ್ನೊಂದರ ತೋಡಿಗೆ ಕೂರುವ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ. ಬೇರೆ ಕಾರ್ಖಾನೆಯ ಹೆಂಚನ್ನು ನಡುವೆ ಸೇರಿಸಿದರೆ ಅದು ಪೂರ್ತಿ ಕೂರದೆ ಅಂಚು ಎತ್ತಿ ನಿಲ್ಲುತ್ತದೆ, ಮರಬೆಕ್ಕಿಗೆ ಮೂತಿ ಹಾಕಲು ಅಷ್ಟು ಸಾಕು. ಹೆಂಚಿನ ಬೆನ್ನಿನ ಮೇಲಿನ ಅಚ್ಚು ನೋಡಿ, ಅದೇ ಹೆಸರಿನದನ್ನು ಹಳೇ ಮನೆ ಕೆಡವುವ ಕಡೆಯಿಂದ ತನ್ನಿ. ಸಿಗದಿದ್ದರೆ ಕೊಟ್ಟಿಗೆಯ ಮಾಡಿನಿಂದ ಹಳೆಯದನ್ನು ಕಿತ್ತು ಮನೆಗೆ ಹಾಕಿ, ಹೊಸದನ್ನು ಪೂರ್ತಿ ಸಾಲಾಗಿ ಕೊಟ್ಟಿಗೆಗೆ ಹೊದಿಸಿ. ಮಿಕ್ಕ ಹೆಂಚನ್ನು ಅಟ್ಟದ ಮೂಲೆಯಲ್ಲಿ ಒಟ್ಟಬೇಡಿ, ಹೆಂಚಿನ ಒಟ್ಟು ಇಲಿಗೆ ಸಿದ್ಧ ಮನೆ. ಕೊಟ್ಟಿಗೆಯ ಹೊರಗೋಡೆಗೆ ಆನಿಸಿ ನಿಲ್ಲಿಸಿ.